ದುಬೈಗೆ ಹೊರಟವನ ಕೈಯ ಕಾಗದ

ನಮ್ಮ ಜತ್ತ ತಾಲೂಕಿನವರಿಗೆ ಊರು ಬಿಟ್ಟು ದುಡಿಯುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯುವ ಗ್ಯಾಂಗಿನೊಡನೆ ಸಕ್ಕರೆ ಕಾರಖಾನೆಗಳತ್ತ ನಡೆದವರು ಓಣಿಗೊಬ್ಬರಾದರೂ ಸಿಕ್ಕಾರು. ನೆರೆಯ ಖಾನಾಪುರ, ಆಟಪಾಡಿ ತಾಲೂಕುಗಳ ಗಲಾಯಿ ಕೆಲಸದವರು ಬೆಳ್ಳಿಬಂಗಾರ ಕರಗಿಸುವ ಕಸುಬು ಹಿಡಿದು, ಭಾಷೆಯರಿಯದ ದೂರದ ಪಟ್ಟಣಗಳಲ್ಲಿ ನೆಲೆನಿಂತು ತಲೆಮಾರುಗಳೇ ಕಳೆದಿವೆ. ಈಗ ಕೆಲವರ ದಾರಿ ಸಮುದ್ರ ದಾಟಿ ದುಬೈಯತ್ತ ತಿರುಗಿದೆ. ಮಗನ ಗಂಟಿನಲ್ಲಿ ಏನೇನು ಕಟ್ಟಬೇಕೆಂದು ತಾಯಂದಿರು ಕೇಳುತ್ತಾರೆ. ಅದಕ್ಕೂ ಮೊದಲು ಅವನು ಯಾವ ಕಾಗದಕ್ಕೆ ಸಹಿ ಮಾಡಿದ್ದಾನೆಂಬುದನ್ನು ಕೇಳಬೇಕೆಂದು ನನ್ನ ಮತ.

ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ೨೦೧೬ರಿಂದ ಒಂದು ನಿಯಮವಿದೆ. ಪರದೇಶದ ಕಾರ್ಮಿಕನಿಗೆ ಕೊಡುವ ನೌಕರಿಯ ಪ್ರಸ್ತಾವಪತ್ರವು ಅರಬ್ಬಿ, ಇಂಗ್ಲಿಷುಗಳ ಜೊತೆಗೆ ಅವನು ಬಲ್ಲ ಇನ್ನೊಂದು ಭಾಷೆಯಲ್ಲಿಯೂ ಇರಬೇಕು. ಇದಕ್ಕೆಂದು ಆರಿಸಿದ ಭಾಷೆಗಳಲ್ಲಿ ಹಿಂದಿ, ಉರ್ದು, ಬಂಗಾಲಿ, ತಮಿಳು, ಮಲೆಯಾಳಗಳಿವೆ. ಕನ್ನಡವಿಲ್ಲ, ಮರಾಠಿಯೂ ಇಲ್ಲ. ನೋವಿನ ಸಂಗತಿಯೇ. ಆದರೆ ಗಡಿಯ ಕನ್ನಡ ಶಾಲೆಯಲ್ಲಿ ಮರಾಠಿಯನ್ನೂ ಕಲಿತ ಹುಡುಗನಿಗೆ ದೇವನಾಗರಿ ಲಿಪಿ ಕರಗತವಾಗಿರುತ್ತದೆ. ತಲಾಠಿಯ ಕಚೇರಿಯಿಂದ ತಂದ ಸಾತಬಾರಾ ಉತಾರವನ್ನು ತಂದೆಗೆ ಓದಿ ಹೇಳಿದವನು ಹಿಂದಿಯ ಪತ್ರವನ್ನೂ ಓದಬಲ್ಲನು. ಮಕ್ಕಳಿಗೆ ಇಷ್ಟು ಭಾಷೆಗಳ ಹೊರೆಯೇಕೆ ಎನ್ನುವ ಪಾಲಕರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

ಓದಿದಮಾತ್ರಕ್ಕೆ ತಿಳಿಯಿತೆಂದಲ್ಲ. ಪತ್ರದಲ್ಲಿ ‘ವಾರ್ಷಿಕ ಅವಕಾಶ’ ಎಂದಿದ್ದರೆ, ವರ್ಷಕ್ಕೊಮ್ಮೆ ಬರುವ ಸುಸಂಧಿಯೆಂದು ನಮ್ಮವನು ಹಿಗ್ಗಬಾರದು. ಹಿಂದಿಯ ಅವಕಾಶವೆಂದರೆ ರಜೆ. ಅಲ್ಲಿಯ ಕಾನೂನಿನಂತೆ ವರ್ಷ ತುಂಬಿದವನಿಗೆ ೩೦ ದಿನ. ‘ಮೂಲ ವೇತನ’ವೆಂಬ ಸಾಲಿನ ಮೇಲಂತೂ ಬೆರಳಿಟ್ಟು ಎರಡು ಸಲ ಓದಬೇಕು. ದಲ್ಲಾಳಿ ಬಾಯಿಮಾತಿನಲ್ಲಿ ಹೇಳುವುದು ವಸತಿ, ಊಟದ ಭತ್ಯೆಗಳೆಲ್ಲ ಕೂಡಿದ ಮೊತ್ತ. ಆದರೆ ಕೆಲಸ ಬಿಟ್ಟು ಬರುವಾಗ ಸಿಗುವ ಗ್ರ್ಯಾಚುಟಿಯ ಲೆಕ್ಕ ಮೂಲ ವೇತನದ ಮೇಲೆ ಮಾತ್ರ: ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ ೨೧ ದಿನದ ಪಗಾರ, ಅನಂತರ ೩೦ ದಿನದ್ದು. ಒಟ್ಟು ಮೊತ್ತ ಇಬ್ಬರಿಗೂ ಒಂದೇ ಇದ್ದು, ಒಬ್ಬನ ಮೂಲ ವೇತನ ೬೦೦ ದಿರ್ಹಮ್, ಇನ್ನೊಬ್ಬನದು ೧೦೦೦ ಇರಲಿ. ಐದು ವರ್ಷದ ಕೊನೆಗೆ ಮೊದಲಿನವನಿಗೆ ೨೧೦೦, ಎರಡನೆಯವನಿಗೆ ೩೫೦೦. ಏಳನೆಯ ಇಯತ್ತೆಯ ಗಣಿತ ಇಷ್ಟಕ್ಕೆ ಸಾಕು.

ದಿನಕ್ಕೆ ೮ ತಾಸು, ವಾರಕ್ಕೆ ೪೮ ತಾಸು ಕೆಲಸ. ವಾರಕ್ಕೊಂದು ದಿನ ಬಿಡುವು. ಪಾಸ್‌ಪೋರ್ಟನ್ನು ಮಾಲಕನು ಇಟ್ಟುಕೊಳ್ಳಕೂಡದು, ನೇಮಕದ ಖರ್ಚನ್ನು ಕಾರ್ಮಿಕನ ಮೇಲೆ ಹೇರಕೂಡದು. ೨೦೨೨ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಕಾನೂನು ಹೀಗೆನ್ನುತ್ತದೆ. ಕಾನೂನಿನಲ್ಲಿದ್ದುದೆಲ್ಲ ನಡೆದೇ ತೀರುತ್ತದೆಂದು ಹೇಳಲಾರೆ. ಆದರೆ ತಿಳಿಯದವನು ಕೇಳುವುದಾದರೂ ಹೇಗೆ?

ಇನ್ನೊಂದು ಸಂಗತಿ ಹತ್ತನೆಯ ಇಯತ್ತೆಗೆ ಸಂಬಂಧಿಸಿದ್ದು. ಅದನ್ನು ಪಾಸಾಗದವನ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇ.ಸಿ.ಆರ್.’ ವರ್ಗದ್ದಾಗಿರುತ್ತದೆ. ೧೯೮೩ರ ವಲಸೆ ಕಾಯದೆಯ ಪ್ರಕಾರ ಅಂಥವನು ಎಮಿರೇಟ್ಸ್ ಸೇರಿದಂತೆ ೧೮ ದೇಶಗಳಿಗೆ ದುಡಿಯಲು ಹೋಗುವ ಮುನ್ನ ನಮ್ಮ ಸರಕಾರದ ಪರವಾನಿಗೆ ಪಡೆಯಬೇಕು. ಇದನ್ನು ತಾಪತ್ರಯವೆಂದು ಬಗೆದು, ದಲ್ಲಾಳಿಯ ಮಾತು ನಂಬಿ, ಪ್ರವಾಸಿ ವೀಸಾದ ಮೇಲೆ ಹೋಗುವವರುಂಟು. ಅವರಿಗೆ ಅಲ್ಲಿ ದುಡಿಯುವ ಹಕ್ಕಿಲ್ಲ, ಕರಾರುಪತ್ರವಿಲ್ಲ, ಪರವಾನಿಗೆಯೊಡನೆ ಬರುವ ೧೦ ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ವಿಮೆಯೂ ಇಲ್ಲ. ಕಬ್ಬಿನ ಹಂಗಾಮಿಗೆಂದು ಒಂಬತ್ತನೆಯ ಇಯತ್ತೆಯಲ್ಲಿ ಶಾಲೆ ಬಿಡಿಸಿದ ಹುಡುಗನು ಇಪ್ಪತ್ತರ ಪ್ರಾಯದಲ್ಲಿ ಬಂದು ನಿಲ್ಲುವುದು ಇದೇ ಬಾಗಿಲ ಮುಂದೆ.

ಇನ್ನು ಅಲ್ಲಿಯ ದಿನಚರಿ. ದುಬೈಯಲ್ಲಿ ಕಾರ್ಮಿಕರ ವಸತಿಗಳಿರುವ ಮುಹೈಸ್ನಾ ಭಾಗವನ್ನು ನಮ್ಮವರು ಸೋನಾಪುರವೆಂದು ಕರೆಯುತ್ತಾರೆ. ಹೆಸರಿನಲ್ಲಿ ಮಾತ್ರ ಬಂಗಾರ. ಇರುವುದು ಒಂದರ ಮೇಲೊಂದು ಮಂಚ ಹಾಕಿದ, ಹಲವರು ಹಂಚಿಕೊಂಡ ಕೋಣೆ. ಕೋಣೆಯ ಮಾತು ಹಿಂದಿ, ಉರ್ದು. ಬಿಸಿಲು ನಮಗೆ ಹೊಸದಲ್ಲವೆಂದು ಜತ್ತದವನು ಬೀಗುವಂತಿಲ್ಲ. ನಮ್ಮದು ಒಣ ಬಿಸಿಲು, ಅಲ್ಲಿ ಕಡಲ ತೇವ ಸೇರಿ ಬೆವರು ಆರುವುದೇ ಇಲ್ಲ. ಆದಕಾರಣವೇ ಜೂನ್ ೧೫ರಿಂದ ಸೆಪ್ಟೆಂಬರ್ ೧೫ರ ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲು ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಅರಬ್ಬಿ ಅಂಕಿಗಳನ್ನು ಹೊರಡುವ ಮೊದಲೇ ಕಲಿತರೆ ಒಳ್ಳೆಯದು. ಅವರ ಐದು ಹೆಚ್ಚುಕಡಿಮೆ ನಮ್ಮ ಸೊನ್ನೆಯಂತಿದೆ, ಅವರ ಸೊನ್ನೆ ಬರಿಯ ಚುಕ್ಕೆ. ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಸಂಖ್ಯೆಯನ್ನು ನಮ್ಮಂತೆ ಎಡದಿಂದಲೇ ಓದಬಹುದು.

ಈಗ ಗಂಟಿನ ಮಾತು. ತಾಯಂದಿರೇ, ಕಟಕ ರೊಟ್ಟಿ, ಶೇಂಗಾ ಚಟ್ನಿ ಧಾರಾಳವಾಗಿ ಕಟ್ಟಿರಿ. ಗಸಗಸೆಯನ್ನು ಮಾತ್ರ ಒಂದು ಕಾಳೂ ಹಾಕಬೇಡಿರಿ. ಅಫೀಮಿನ ಗಿಡದ ಬೀಜವಾದುದರಿಂದ ಅಲ್ಲಿ ಅದು ಮಾದಕ ವಸ್ತುಗಳ ಪಟ್ಟಿಗೆ ಸೇರಿದೆ. ವಿಮಾನ ನಿಲ್ದಾಣದಲ್ಲೇ ಸೆರೆಯಾಗುವ ಅಪಾಯವುಂಟು. ಅಂಟಿನುಂಡೆಯಲ್ಲಿ, ಕರ್ಚಿಕಾಯಿಯ ಹೂರಣದಲ್ಲಿ, ಮನೆಯಲ್ಲಿ ಕುಟ್ಟಿದ ಮಸಾಲೆಯಲ್ಲಿ ಅದು ಕಣ್ಣಿಗೆ ಬೀಳದಂತೆ ಬೆರೆತಿರುತ್ತದೆ. ಕೆಮ್ಮಿನ ಔಷಧವನ್ನೂ ಡಾಕ್ಟರರ ಚೀಟಿಯಿಲ್ಲದೆ ಇಡಬೇಡಿರಿ. ಕೆಲವು ಔಷಧಗಳಿಗೆ ಅಲ್ಲಿಯ ಅನುಮತಿಯೇ ಬೇಕು. ಅಮಾವಾಸ್ಯೆಗೆ ದಾನಮ್ಮನ ದರ್ಶನ ಮಾಡಿ ಬಂದು ರಾತ್ರಿ ಎಂಟಕ್ಕೆ ಮಗನಿಗೆ ಫೋನು ಹಚ್ಚಿದರೆ ಅಲ್ಲಿ ಇನ್ನೂ ಆರೂವರೆ. ಅವನು ಕೆಲಸದ ಬಸ್ಸಿನಿಂದ ಇಳಿದಿರಲಿಕ್ಕಿಲ್ಲ. ಹತ್ತರ ಮೇಲೆ ಮಾಡಿರಿ.