ಅಡಿಕೆ ಒಂದನ್ನೇ ನಂಬಿದರೆ

ಅಡಿಕೆಗೆ ಬೆಲೆ ಬಂದಾಗಲೆಲ್ಲ ಗದ್ದೆಗಳು ತೋಟಗಳಾಗುತ್ತವೆ. ಈಗ ದಾವಣಗೆರೆ, ಚಿತ್ರದುರ್ಗದ ಬಯಲಲ್ಲೂ ಅದೇ ಕತೆ. ಬೆಳೆಗಾರರನ್ನು ದೂರಲಾರೆ, ಭತ್ತ ಕೊಡದ ದುಡ್ಡನ್ನು ಅಡಿಕೆ ಕೊಟ್ಟಿದೆ. ಆದರೆ ಶೃಂಗೇರಿ, ಕೊಪ್ಪ, ಸಂಪಾಜೆಯ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ನುಂಗಿದ್ದನ್ನು ಕಂಡಮೇಲೂ ಮನೆಯ ಆದಾಯವನ್ನೆಲ್ಲ ಒಂದೇ ಮರಕ್ಕೆ ಕಟ್ಟುವುದು ನನಗೆ ಭಯ ಹುಟ್ಟಿಸುತ್ತದೆ. ಹಳಬರ ತೋಟದಲ್ಲಿ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ನೆರಳಲ್ಲಿ ಏಲಕ್ಕಿ, ನಡುವೆ ಬಾಳೆ ಇರುತ್ತಿದ್ದವು. ಅಡಿಕೆ ದರ ಬಿದ್ದ ವರ್ಷ ಮೆಣಸು ಕೈಹಿಡಿಯುತ್ತಿತ್ತು. ಹಾಗೆಂದು ಬೆಳೆಗಳ ಸಂಖ್ಯೆ ಹೆಚ್ಚಿಸಿದರೆ ಸಾಲದು. ಮಳೆ ಬಿಡದೆ ಹೊಡೆದರೆ ಅಡಿಕೆಗೆ ಕೊಳೆ, ಮೆಣಸಿಗೆ ಸೊರಗು ರೋಗ ಒಟ್ಟಿಗೇ ಬರುತ್ತವೆ. ಎರಡಕ್ಕೂ ಒಂದೇ ಶಾಪ. ಒಂದು ಸೋತಾಗ ಇನ್ನೊಂದು ನಿಲ್ಲುವಂತೆ ಆರಿಸಬೇಕು. ಜೊತೆಗೆ ಕೊಳ್ಳುವವರೂ ಬೇಕು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬಂದ ಕೋಕೋ ಕೊಳ್ಳುವವರಿಲ್ಲದೆ ಕಂಗೆಟ್ಟಾಗ ಬೆನ್ನಿಗೆ ನಿಂತದ್ದು 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೊ. ಬೆಳೆಗಾರರದೇ ಆದ ಆ ಸಹಕಾರಿ ಸಂಸ್ಥೆ ಬೀಜ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬಯಲುಸೀಮೆಯ ಹೊಸ ತೋಟಗಳಿಗೆ ಸಸಿಯ ಸಹಾಯಧನಕ್ಕಿಂತ ಮೊದಲು ಸಿಗಬೇಕಾದದ್ದು ಇಂಥ ಆಸರೆ.