ಗಾಲಿ ಉರುಳಿದರೆ ಮಾತ್ರ ಕೂಲಿ

2025ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಸಂತೆಯ ಮಾಳವಾಗಿದ್ದುದನ್ನು ವಾಚಕರು ಮರೆತಿರಲಾರರು. ಇಂಡಿಗೊ ಕಂಪೆನಿಯ ವಿಮಾನಗಳು ಒಂದರ ಹಿಂದೊಂದು ರದ್ದಾದವು. ಡಿಸೆಂಬರ್ 5ರ ಒಂದೇ ದಿನ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಹಾರಾಟಗಳು ನಿಂತುಹೋದವು. ಮದುವೆಗೆ ಹೊರಟವರು, ಪರೀಕ್ಷೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಎಲ್ಲರೂ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಮಲಗಿದರು. ಅವರ ಕಷ್ಟ ನಿಜವಾದ ಕಷ್ಟ. ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಆ ವಾರ ನಮ್ಮ ಸುಶಿಕ್ಷಿತ ಸಮಾಜದಲ್ಲಿ ಬಾಯಿಂದ ಬಾಯಿಗೆ ಹರಿದಾಡಿದ ಮಾತೊಂದಿದೆ: ಲಕ್ಷಗಟ್ಟಲೆ ಸಂಬಳ ಎಣಿಸುವ ಪೈಲಟ್ಟುಗಳಿಗೆ ಇನ್ನೂ ಎಷ್ಟು ನಿದ್ದೆ ಬೇಕಂತೆ?

ಈ ಮಾತಿಗೆ ಉತ್ತರ ಕೊಡದೆ ಬಿಡುವುದು ಸರಿಯಲ್ಲ. ಪೈಲಟ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ತೋಳಿನ ಮೇಲೆ ನಾಲ್ಕು ಚಿನ್ನದ ಪಟ್ಟಿ, ತಲೆಯ ಮೇಲೆ ಟೋಪಿ, ಲಂಡನ್ನಿನ ಹೋಟೆಲು. ಆದರೆ ಸಣ್ಣ ಊರುಗಳ ನಡುವೆ ಸಣ್ಣ ವಿಮಾನ ನಡೆಸುವವರದು ಬೇರೆಯೇ ಲೋಕ. ಅವರ ಕೂಲಿಯನ್ನೂ ನಿದ್ದೆಯನ್ನೂ ಚೌಕಾಸಿಗೆ ಇಟ್ಟರೆ ಏನಾಗುತ್ತದೆ ಎಂಬ ಪ್ರಯೋಗವನ್ನು ಅಮೆರಿಕದವರು ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಿದ್ದಾರೆ. ನಾವು ಅದೇ ಪ್ರಯೋಗವನ್ನು ಮತ್ತೆ ಮೊದಲಿಟ್ಟುಕೊಳ್ಳುವುದಕ್ಕೆ ಮುಂಚೆ ಅವರ ಕಥೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

1978ರಲ್ಲಿ ಆ ದೇಶದ ಸರಕಾರ ವಿಮಾನ ದರಗಳ ಮೇಲಿನ ತನ್ನ ಹಿಡಿತವನ್ನು ಸಡಿಲಿಸಿತು. ದರದ ಪೈಪೋಟಿ ಹತ್ತಿಕೊಂಡಿತು. ದೊಡ್ಡ ಕಂಪೆನಿಗಳು ಒಂದು ಜಾಣತನ ಕಂಡುಕೊಂಡವು. ದೂರದ, ಲಾಭದ ಹಾದಿಗಳನ್ನು ತಾವೇ ಇಟ್ಟುಕೊಂಡು, ಸಣ್ಣ ಊರುಗಳ ಹಾದಿಗಳನ್ನು ಪ್ರಾದೇಶಿಕ ಕಂಪೆನಿಗಳಿಗೆ ಗುತ್ತಿಗೆ ಕೊಟ್ಟವು. ಟಿಕೆಟ್ಟಿನ ಮೇಲೆ ದೊಡ್ಡ ಕಂಪೆನಿಯ ಹೆಸರು, ವಿಮಾನದ ಮೈಮೇಲೆ ಅದೇ ಬಣ್ಣ, ಗಗನಸಖಿಯ ಬಾಯಲ್ಲಿ ಅದೇ ಸ್ವಾಗತ. ನಡೆಸುವವನು ಮಾತ್ರ ಬೇರೆ ಧಣಿಯ ಆಳು. ಗುತ್ತಿಗೆಯ ಹಣ ಇಷ್ಟೇ ಎಂದು ಗೊತ್ತಾದ ಮೇಲೆ ಸಣ್ಣ ಕಂಪೆನಿ ಉಳಿತಾಯ ಮಾಡುವುದಾದರೂ ಎಲ್ಲಿ? ವಿಮಾನದ ಬೆಲೆ ಇಳಿಯದು, ಎಣ್ಣೆಯ ಬೆಲೆ ಅದರ ಕೈಯಲ್ಲಿಲ್ಲ. ಉಳಿದದ್ದು ಮನುಷ್ಯ. 2009ರ ಹೊತ್ತಿಗೆ ಅಮೆರಿಕದೊಳಗಿನ ಹಾರಾಟಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಈ ಗುತ್ತಿಗೆಯ ಕಂಪೆನಿಗಳೇ ನಡೆಸುತ್ತಿದ್ದವು; ಹತ್ತಿ ಕೂತ ಪ್ರಯಾಣಿಕರಲ್ಲಿ ಬಹುಪಾಲಿಗೆ ಅದು ತಿಳಿದೇ ಇರಲಿಲ್ಲ.

ಆ ವರ್ಷದ ಫೆಬ್ರವರಿ 12ರ ರಾತ್ರಿ ಅದು ತಿಳಿಯಿತು. ಕಾಂಟಿನೆಂಟಲ್ ಎಂಬ ದೊಡ್ಡ ಹೆಸರಿನಲ್ಲಿ ಟಿಕೆಟ್ಟು ಮಾರಿ, ಕೋಲ್ಗನ್ ಏರ್ ಎಂಬ ಸಣ್ಣ ಕಂಪೆನಿ ನಡೆಸುತ್ತಿದ್ದ 3407ನೇ ಸಂಖ್ಯೆಯ ವಿಮಾನ ನ್ಯೂಆರ್ಕಿನಿಂದ ಹೊರಟು ಬಫಲೋ ನಗರದ ಹತ್ತಿರ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜೀವ ಹೋದವು.

ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳು ಅಮೆರಿಕದ ಸಂಸತ್ತನ್ನೇ ತಲ್ಲಣಗೊಳಿಸಿದವು. ಸಹ ಪೈಲಟ್ 24 ವಯಸ್ಸಿನ ತರುಣಿ. ಕೆಲಸದ ನೆಲೆ ಪೂರ್ವ ಕರಾವಳಿಯ ನ್ಯೂಆರ್ಕ್. ಆಕೆ ವಾಸವಿದ್ದದ್ದು ಖಂಡದ ಆ ಕೊನೆಯಲ್ಲಿ, ಸಿಯಾಟಲ್ ಬಳಿ, ತಂದೆ ತಾಯಿಯ ಮನೆಯಲ್ಲಿ. ಹಿಂದಿನ ರಾತ್ರಿ ಸರಕು ಸಾಗಿಸುವ ವಿಮಾನಗಳಲ್ಲಿ ಬಿಟ್ಟಿ ಆಸನ ಹಿಡಿದು, ನಡುವೆ ಮೆಂಫಿಸಿನಲ್ಲಿ ಇಳಿದು ಹತ್ತಿ, ಬೆಳಗಿನ ಹೊತ್ತಿಗೆ ನ್ಯೂಆರ್ಕ್ ಮುಟ್ಟಿದ್ದಳು. ಮೈಯಲ್ಲಿ ನೆಗಡಿ. ಕ್ಯಾಪ್ಟನ್ನನ ಮನೆಯೂ ದೂರದ ಫ್ಲಾರಿಡಾದಲ್ಲಿ. ಅವನು ರಾತ್ರಿ ಕಳೆದದ್ದು ಸಿಬ್ಬಂದಿಯ ವಿಶ್ರಾಂತಿ ಕೋಣೆಯ ಸೋಫಾಗಳ ನಡುವೆ. ಬೆಳಗಿನ ಜಾವ ಮೂರರ ಸುಮಾರಿಗೆ ಅವನು ಕಂಪೆನಿಯ ಗಣಕಯಂತ್ರದ ಮುಂದೆ ಕೂತಿದ್ದುದಕ್ಕೆ ದಾಖಲೆಯಿದೆ. ಆ ಕೋಣೆಯಲ್ಲಿ ರಾತ್ರಿ ಮಲಗಬಾರದೆಂಬುದು ಕಂಪೆನಿಯ ನಿಯಮ. ಮತ್ತೆಲ್ಲಿ ಮಲಗಬೇಕು ಎಂಬುದಕ್ಕೆ ನಿಯಮವಿರಲಿಲ್ಲ.

ಆ ತರುಣಿಯ ಸಂಬಳ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್ ಎಂದು ವಿಚಾರಣೆಯಲ್ಲಿ ಮೊದಲು ಬಂತು. ಕಂಪೆನಿ ಆಮೇಲೆ ಅದನ್ನು 24 ಸಾವಿರದ ಹತ್ತಿರಕ್ಕೆ ಏರಿಸಿ ಹೇಳಿತು. ಎಂಟು ಲಕ್ಷ ರೂಪಾಯಿ ಆಯಿತಲ್ಲ ಎಂದು ಆ ಕಾಲದ ದರದಲ್ಲಿ ಗುಣಾಕಾರ ಮಾಡಿ ಹುಬ್ಬೇರಿಸುವವರು, ಖರ್ಚನ್ನೂ ಡಾಲರಿನಲ್ಲೇ ಮಾಡಬೇಕೆಂಬುದನ್ನು ನೆನೆಯಬೇಕು. ಆ ಸಂಬಳದಲ್ಲಿ ನ್ಯೂಯಾರ್ಕಿನ ಆಸುಪಾಸು ಬಾಡಿಗೆಗೆ ಕೋಣೆ ಹಿಡಿದು ಬದುಕುವುದು ಆಗದ ಮಾತು. ವಿಮಾನದ ಧ್ವನಿಮುದ್ರಣದಲ್ಲಿ ಆಕೆಯ ಮಾತು ಉಳಿದಿದೆ: ಈ ಮೈಯಲ್ಲಿ ಮನೆಯಲ್ಲಿದ್ದಿದ್ದರೆ ಕೆಲಸಕ್ಕೆ ಬರುತ್ತಲೇ ಇರಲಿಲ್ಲ, ಆದರೆ ಇಲ್ಲಿಗೆ ಬಂದ ಮೇಲೆ ರಜೆ ಹಾಕಿದರೆ ವಾಸಿಯಾಗುವವರೆಗೆ ಕೈಯಿಂದ ಕೊಟ್ಟು ಹೋಟೆಲಿನಲ್ಲಿ ಇರಬೇಕು ಎಂಬ ಅರ್ಥದ ಮಾತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಆಡಿದ್ದು ಬಡಾಯಿಗಾರರನ್ನು ಕುರಿತು. ಇಲ್ಲಿ ಆ ಹೂವನ್ನು ಮುಡಿಸಿದ್ದು ಕಂಪೆನಿ; ಅದರ ಪರಿಮಳಕ್ಕೆ ಮಾರುಹೋದವರು ನಾವು.

ತನಿಖೆಯ ಮಂಡಲಿ ಅಪಘಾತಕ್ಕೆ ಕೊಟ್ಟ ಕಾರಣ ಬೇರೆ. ವಿಮಾನದ ವೇಗ ಕುಸಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಬೇಕಾದ್ದಕ್ಕೆ ವಿರುದ್ಧವಾದುದನ್ನು ಮಾಡಿದ ಎಂದು ಅದು 2010ರಲ್ಲಿ ನಿರ್ಣಯಿಸಿತು. ಇಬ್ಬರಿಗೂ ಆಯಾಸವಿದ್ದಿರಬಹುದು, ಆದರೆ ಅದರ ಪಾಲು ಎಷ್ಟು ಎಂದು ಅಳೆಯಲಾಗದು ಎಂದು ಹೇಳಿ ಆಯಾಸವನ್ನು ಕಾರಣಗಳ ಪಟ್ಟಿಯಿಂದ ಕೈಬಿಟ್ಟಿತು. ಮಂಡಲಿಯ ಅಧ್ಯಕ್ಷೆ ಡೆಬೊರಾ ಹರ್ಸ್‌ಮನ್ ಇದಕ್ಕೆ ಒಪ್ಪಲಿಲ್ಲ. ಆಯಾಸವನ್ನೂ ಸೇರಿಸಬೇಕೆಂದು ತಮ್ಮ ಭಿನ್ನಮತವನ್ನು ಬರೆದಿಟ್ಟರು. ನಮ್ಮ ಮತ ಅಧ್ಯಕ್ಷೆಯ ಕಡೆಗೆ. ಕುಡಿದವನ ರಕ್ತವನ್ನು ಪರೀಕ್ಷಿಸಿ ಇಷ್ಟು ಎಂದು ಹೇಳಬಹುದು. ನಿದ್ದೆಗೆಟ್ಟವನ ರಕ್ತದಲ್ಲಿ ನಿದ್ದೆಗೇಡು ಕಾಣುವುದಿಲ್ಲ. ಅಳೆಯಲು ಬರದ ದೋಷವೆಲ್ಲ ಸತ್ತ ಚಾಲಕನ ತಲೆಗೆ, ಅಳೆಯಲು ಬರುವ ಲಾಭವೆಲ್ಲ ಬದುಕಿರುವ ಕಂಪೆನಿಯ ಪೆಟ್ಟಿಗೆಗೆ: ಇದು ಯಾವ ಸೀಮೆಯ ನ್ಯಾಯ?

ಕೂಲಿಯ ಲೆಕ್ಕದ ವಿಚಿತ್ರವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಪೈಲಟ್ಟಿಗೆ ಸಲ್ಲುವುದು ಗಂಟೆಯ ಲೆಕ್ಕ. ಆ ಗಂಟೆ ಶುರುವಾಗುವುದು ಅವನು ಕೆಲಸಕ್ಕೆ ಬಂದಾಗ ಅಲ್ಲ. ಬಾಗಿಲು ಮುಚ್ಚಿ, ಬ್ರೇಕು ಬಿಟ್ಟು, ಗಾಲಿ ಉರುಳಿದಾಗ. ಹವೆಯ ವರದಿ ಓದುವುದು, ವಿಮಾನದ ಸುತ್ತ ನಡೆದು ಪರೀಕ್ಷಿಸುವುದು, ಮಂಜು ಸರಿಯಲೆಂದು ಕಾಯುವುದು, ಎರಡು ಹಾರಾಟಗಳ ನಡುವೆ ಮೂರು ಗಂಟೆ ಬೆಂಚಿನ ಮೇಲೆ ಕೂರುವುದು, ಇವೆಲ್ಲ ಬಹುಮಟ್ಟಿಗೆ ಧರ್ಮಾರ್ಥ. ದೂರದ ಹಾದಿಯವನಿಗೆ ಒಂದು ಹಾರಾಟದಲ್ಲಿ ಹತ್ತು ಗಂಟೆ ದಕ್ಕೀತು. ಸಣ್ಣ ಹಾದಿಯವನು ಹನ್ನೆರಡು ಗಂಟೆ ಸಮವಸ್ತ್ರ ತೊಟ್ಟು, ನಾಲ್ಕೈದು ಸಲ ಹತ್ತಿ ಇಳಿದು, ಐದು ಗಂಟೆಯ ಕೂಲಿ ಪಡೆಯುತ್ತಾನೆ. ಅಪಾಯ ಹೆಚ್ಚು ಇರುವುದು ಏರುವಾಗ ಮತ್ತು ಇಳಿಯುವಾಗ. ಅವನ ಪಾಲಿಗೆ ಬಂದಿರುವುದೂ ಅದೇ. ಈ ಲೆಕ್ಕ ನಮ್ಮ ಕಾಲೇಜುಗಳಿಗೂ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ತರಗತಿಯೊಳಗಿನ ಗಂಟೆಯನ್ನು ಎಣಿಸಿ, ಪಾಠ ಸಿದ್ಧಮಾಡಿಕೊಂಡ ರಾತ್ರಿಯನ್ನೂ ಉತ್ತರಪತ್ರಿಕೆ ತಿದ್ದಿದ ಭಾನುವಾರವನ್ನೂ ಮರೆಯುವ ಪದ್ಧತಿಯಲ್ಲಿ ಬದುಕು ಸವೆಸುವ ಅತಿಥಿ ಉಪನ್ಯಾಸಕರು ನಮ್ಮಲ್ಲಿ ಸಾವಿರಾರು ಮಂದಿ. ಅವರು ತೂಕಡಿಸಿದರೆ ಒಂದು ಪದ್ಯದ ಅನ್ವಯ ಕೆಡುತ್ತದೆ, ಅಷ್ಟೆ.

ಬಫಲೋದಲ್ಲಿ ಸತ್ತವರ ಮನೆಯವರು ಸುಮ್ಮನೆ ಕೂರಲಿಲ್ಲ. ರಾಜಧಾನಿಗೆ ಹೋಗಿ ಪ್ರತಿನಿಧಿಗಳ ಬಾಗಿಲು ಬಡಿದರು. ಮತ್ತೆ ಮತ್ತೆ ಬಡಿದರು. 2010ರ ಆಗಸ್ಟಿನಲ್ಲಿ ಕಾನೂನು ಬಂತು. ಎಂಟು ಗಂಟೆಗೆ ಇಳಿಸಬಹುದಾಗಿದ್ದ ವಿಶ್ರಾಂತಿ, ಅದರಲ್ಲೂ ಹೋಟೆಲಿಗೆ ಹೋಗಿ ಬರುವ ಹೊತ್ತೂ ಸೇರಿದ ವಿಶ್ರಾಂತಿ, 2014ರ ಜನವರಿಯಿಂದ 10 ಗಂಟೆಯಾಯಿತು. ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ ಇರಲೇಬೇಕೆಂದಾಯಿತು. ಸಹ ಪೈಲಟ್ಟಿಗೂ ಸಾಮಾನ್ಯವಾಗಿ 1500 ಗಂಟೆಯ ಹಾರಾಟದ ಅನುಭವ ಬೇಕೆಂದಾಯಿತು. ಸರಕು ವಿಮಾನದವರನ್ನು ಮಾತ್ರ ಹೊಸ ವಿಶ್ರಾಂತಿ ನಿಯಮದಿಂದ ಹೊರಗಿಟ್ಟರು. ಪೆಟ್ಟಿಗೆಗಳು ಸಂಸತ್ತಿನ ಬಾಗಿಲು ಬಡಿಯಲಾರವಲ್ಲ!

ಇನ್ನು ಈ ಕಥೆಯ ಮುಖ್ಯ ಭಾಗ. 2009ರ ಸುಮಾರಿಗೆ ಹೊಸ ಸಹ ಪೈಲಟ್ಟಿಗೆ ಪ್ರಾದೇಶಿಕ ಕಂಪೆನಿಗಳು ಕೊಡುತ್ತಿದ್ದುದು ಗಂಟೆಗೆ 20 ಡಾಲರಿನ ಆಸುಪಾಸು. ಇದಕ್ಕಿಂತ ಹೆಚ್ಚು ಕೊಟ್ಟರೆ ಕಂಪೆನಿ ಮುಳುಗುತ್ತದೆ, ಇದು ಅರ್ಥಶಾಸ್ತ್ರ ಎಂದು ಅವರ ವಾದ. ಆಮೇಲೆ ಪೈಲಟ್ಟುಗಳು ಸಿಗದಾದರು. ಈ ಕೂಲಿಗಾಗಿ ಅಷ್ಟೊಂದು ಸಾಲ ಮಾಡಿ ಈ ವಿದ್ಯೆ ಕಲಿಯುವ ಮಕ್ಕಳು ಕಡಿಮೆಯಾದರು. ಕೊರೋನಾ ಕಾಲದಲ್ಲಿ ಹಳಬರು ಅವಧಿಗೆ ಮುಂಚೆ ನಿವೃತ್ತರಾದರು. ಆಗ, 2022ರ ಜೂನ್ ತಿಂಗಳಲ್ಲಿ, ಅಮೆರಿಕನ್ ಏರ್‌ಲೈನ್ಸ್ ತನ್ನ ಒಡೆತನದ ಪ್ರಾದೇಶಿಕ ಕಂಪೆನಿಗಳಲ್ಲಿ ಹೊಸಬರಿಗೆ ಗಂಟೆಗೆ 90 ಡಾಲರ್ ಘೋಷಿಸಿತು. ಉಳಿದವರೂ ಹಿಂಬಾಲಿಸಿದರು. ಹಣವೇ ಇಲ್ಲ ಎಂದಿದ್ದವರ ಕೈಯಿಂದ ಹಣ ಹೊರಬಂತು. ಐವತ್ತು ಹೆಣ ಬಿದ್ದಾಗ ಬಾರದ ಹಣ ಆಸನ ಖಾಲಿಯಾದಾಗ ಬಂತು ಎಂದರೆ, ಅಲ್ಲಿಯವರೆಗೆ ಅರ್ಥಶಾಸ್ತ್ರವೆಂದು ನಮಗೆ ಓದಿಸಿದ್ದು ಯಾವ ಶಾಸ್ತ್ರ?

ಸಂಬಳ ಏರಿದ್ದರಿಂದಲೂ ಪೈಲಟ್ಟುಗಳ ಅಭಾವದಿಂದಲೂ ಅಲ್ಲಿನ ಹಲವು ಸಣ್ಣ ಊರುಗಳ ಹಾರಾಟ ನಿಂತಿತಲ್ಲ ಎಂದು ಪ್ರತಿಪಕ್ಷದವರು ಕೇಳಬಹುದು. ನಿಂತದ್ದು ನಿಜ. ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಬೀದರ್ ಎಂದು ನಕ್ಷೆಯ ಮೇಲೆ ಗೆರೆ ಎಳೆದುಕೊಂಡಿರುವ ನಮಗೆ ಈ ಮಾತು ಚುಚ್ಚುತ್ತದೆ. ಅಗ್ಗದ ಟಿಕೆಟ್ಟಿಗೆ ನಾವೂ ಬಾಯಿ ಬಿಟ್ಟವರೇ. ಆದರೆ ಸಣ್ಣ ಊರಿಗೆ ವಿಮಾನ ಬೇಕೆಂದು ಸರಕಾರ ಬಯಸಿದರೆ ಅದರ ನಷ್ಟವನ್ನು ಬೊಕ್ಕಸದಿಂದ ತುಂಬಲಿ. 2017ರಿಂದ ಹಾರುತ್ತಿರುವ ಉಡಾನ್ ಯೋಜನೆಯಲ್ಲಿ ಅದಕ್ಕೆ ದಾರಿಯೂ ಇದೆ. ಚಾಲಕನ ನಿದ್ದೆಯಿಂದ ತುಂಬಿಕೊಳ್ಳುವುದು ಬೇಡ.

ಈಗ ನಮ್ಮ ಮನೆಯ ಮಾತು. ನಮ್ಮಲ್ಲಿ ನಿಶ್ಚಿತ ಸಂಬಳವೂ ಹಾರಾಟದ ಗಂಟೆಯ ಭತ್ಯೆಯೂ ಬೆರೆತಿರುವುದುಂಟು. ಆದ್ದರಿಂದ ಜಗಳ ಹೆಚ್ಚಾಗಿ ಹೊತ್ತಿನದು. ನಾಗರಿಕ ವಿಮಾನಯಾನದ ಮಹಾ ನಿರ್ದೇಶನಾಲಯ ಹೊಸ ನಿಯಮ ಪ್ರಕಟಿಸಿದ್ದು 2024ರ ಜನವರಿಯಲ್ಲಿ: ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ, ರಾತ್ರಿಯ ಇಳಿತಗಳು ಆರರಿಂದ ಎರಡಕ್ಕೆ. ಜೂನ್ ತಿಂಗಳಲ್ಲಿ ಜಾರಿ ಎಂದರು. ಕಂಪೆನಿಗಳು ಗೋಗರೆದವು, ಮುಂದಕ್ಕೆ ಹಾಕಿದರು. ಪೈಲಟ್ಟುಗಳ ಸಂಘಗಳು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ 2025ರ ಜುಲೈ ಮತ್ತು ನವೆಂಬರ್ ಎಂದು ಎರಡು ಕಂತಿನಲ್ಲಿ ಜಾರಿಗೆ ಬಂತು. ಅಂದರೆ ಸಿದ್ಧರಾಗಲು ದೊರೆತದ್ದು ಎರಡು ವರ್ಷಕ್ಕೆ ಎರಡೇ ತಿಂಗಳು ಕಡಿಮೆ. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿಯನ್ನು ಹೊರುವ ಕಂಪೆನಿ ಅಷ್ಟರಲ್ಲಿ ಬೇಕಾದಷ್ಟು ಜನರನ್ನು ಹೊಂದಿಸಿಕೊಳ್ಳಲಿಲ್ಲ. ಡಿಸೆಂಬರಿನಲ್ಲಿ ವಿಮಾನಗಳು ನಿಂತಾಗ ಸರಕಾರ ಮಾಡಿದ್ದೇನು? ರಾತ್ರಿಯ ನಿಯಮಗಳಿಂದ ಅದೇ ಕಂಪೆನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಜನವರಿಯಲ್ಲಿ 22 ಕೋಟಿ ಚಿಲ್ಲರೆ ದಂಡವನ್ನೂ ಹಾಕಿತು, ನಿಜ. ಆದರೆ ದಂಡ ಕಟ್ಟಿದ್ದು ಕಂಪೆನಿ. ಆ ತಿಂಗಳುಗಳ ನಿದ್ದೆ ಕಟ್ಟಿದವರು ಬೇರೆ.

ಮಂಗಳೂರಿನವರಿಗೆ ಈ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದಿಂದ ಕೆಳಗುರುಳಿ 158 ಮಂದಿ ಸತ್ತರು. ಉಳಿದವರು ಎಂಟೇ ಮಂದಿ. ಇಳಿಯಬೇಡ, ಮತ್ತೆ ಏರು ಎಂದು ಸಹ ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ ಎಂಬುದು ವಿಚಾರಣೆಯ ನಿರ್ಣಯ. ಆ ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ರಿಸಿದ್ದರು. ಗೊರಕೆಯ ಸದ್ದು ಮುದ್ರಣದಲ್ಲಿತ್ತು. ನಿದ್ದೆಯ ಜಡ ಕಳೆಯದೆ ತೀರ್ಮಾನ ತಪ್ಪಿರಬಹುದೆಂದು ವರದಿ ಹೇಳಿತು. ಹಾರಾಟಕ್ಕೆ ಮುಂಚೆ ಸಾಕಷ್ಟು ವಿಶ್ರಾಂತಿಯ ಅವಧಿ ಇತ್ತು ಎಂದೂ ಅದೇ ವರದಿ ಹೇಳಿತು. ಕಾಗದದ ಮೇಲೆ ವಿಶ್ರಾಂತಿ ಪೂರ್ತಿಯಾಗಿರಬಹುದು. ನಡುರಾತ್ರಿ ಹೊರಟು ನಸುಕಿನಲ್ಲಿ ಇಳಿಯುವ ದೇಹ ಕಾಗದವನ್ನು ಓದುವುದಿಲ್ಲ. ರಾತ್ರಿಯ ಇಳಿತಗಳಿಗೆ ಮಿತಿ ಹಾಕುವುದು ಪೈಲಟ್ಟುಗಳ ಚೋಚಿಗವೆಂದು ನಗುವವರು ಕೆಂಜಾರಿನ ಆ ಕಣಿವೆಯ ಕಡೆ ಒಮ್ಮೆ ಮುಖ ಮಾಡಿ ನಗಲಿ.

2024ರ ನಿಯಮದಲ್ಲಿಯೇ ಒಂದು ಮಾತಿದೆ: ಕಂಪೆನಿಗಳು ತಮ್ಮ ಪೈಲಟ್ಟುಗಳ ಆಯಾಸದ ಕುರಿತು ಮೂರು ತಿಂಗಳಿಗೊಮ್ಮೆ ನಿರ್ದೇಶನಾಲಯಕ್ಕೆ ವರದಿ ಸಲ್ಲಿಸಬೇಕು. ಆ ವರದಿಗಳು ಕಡತದಲ್ಲಿ ಮಲಗುವುದು ಬೇಡ. ಯಾವ ಕಂಪೆನಿಯಲ್ಲಿ ಎಷ್ಟು ಮಂದಿ ಆಯಾಸವೆಂದು ಹೇಳಿಕೊಂಡರು, ಅದರಲ್ಲಿ ಎಷ್ಟನ್ನು ಕಂಪೆನಿ ಒಪ್ಪಿತು, ಎಷ್ಟನ್ನು ತಳ್ಳಿಹಾಕಿತು ಎಂಬುದನ್ನು ಹಾರಾಟದ ವೇಳಾಪಟ್ಟಿಯಷ್ಟೇ ಬಹಿರಂಗವಾಗಿ ಪತ್ರಿಕೆಗಳಲ್ಲಿ ಪ್ರಕಟಿಸಲಿ. ದೊಡ್ಡ ಕಂಪೆನಿಗಳ ಹೆಸರಿನ ಮರೆಯಲ್ಲಿ ಬೇರೆಯವರು ನಡೆಸುವ ಹಾರಾಟವಾದರೆ, ನಡೆಸುವವರ ಹೆಸರನ್ನು ಟಿಕೆಟ್ಟಿನ ಮೇಲೆ ದರದಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚುಮಾಡಲಿ. ಕೊಳ್ಳುವವರು ನೋಡಿ ಕೊಳ್ಳುತ್ತಾರೆ.