ನೆರಳಿಗೆ ತಕ್ಕ ಗಿಡ

ಬೆಂಗಳೂರಿನ ಮಿತ್ರರೊಬ್ಬರು ಈಚೆಗೆ ನನ್ನನ್ನು ತಮ್ಮ ಹಿತ್ತಿಲಿಗೆ ಕರೆದೊಯ್ದು, ಅವರ ತಂದೆಯವರು ನೆಟ್ಟ ಮಾವಿನ ಮರವನ್ನು ತೋರಿಸಿ, “ಇದರ ಕೆಳಗೆ ಮೂರು ವರ್ಷದಿಂದ ಗುಲಾಬಿ ಹಾಕುತ್ತಿದ್ದೇನೆ; ಒಂದೂ ಏಳಲಿಲ್ಲ. ಮರವನ್ನೇ ತೆಗೆಸಿಬಿಡಲೆ?” ಎಂದು ಕೇಳಿದರು. ಅವರು ಮರದ ದ್ವೇಷಿಗಳಲ್ಲ. ತೋಟವೆಂದರೆ ಬಿಸಿಲಿನಲ್ಲಿ ಅರಳುವ ಹೂವು ಎಂಬ ಭಾವನೆ ಅವರಲ್ಲಿ ಬೇರೂರಿತ್ತು, ಅಷ್ಟೆ. ಈ ಭಾವನೆ ಅವರೊಬ್ಬರದೇ ಅಲ್ಲವಾದುದರಿಂದ ಇಲ್ಲಿ ನಾಲ್ಕು ಮಾತು ಹೇಳಬೇಕೆನಿಸಿದೆ.

ಗುಲಾಬಿಗೆ ದಿನಕ್ಕೆ ಐದಾರು ಗಂಟೆಯಾದರೂ ನೇರವಾದ ಬಿಸಿಲು ಬೇಕು. ನೆರಳಿನಲ್ಲಿ ಅದು ಬೆಳಕನ್ನು ಅರಸುತ್ತ ಸಣಕಲಾಗಿ ಬೆಳೆಯುತ್ತದೆಯೇ ಹೊರತು ತುಂಬಿ ಹೂ ಬಿಡುವುದಿಲ್ಲ. ಇದು ಗಿಡದ ದೋಷವಲ್ಲ, ಮರದ ದೋಷವೂ ಅಲ್ಲ; ಆಯ್ಕೆಯ ದೋಷ. ಗುಲಾಬಿಯ ಕುಂಡವನ್ನು ನಾಳೆಯೇ ತಾರಸಿಗೆ ಸಾಗಿಸಬಹುದು. ನಲವತ್ತು ವರ್ಷದ ಮರವನ್ನು ಮರಳಿ ಪಡೆಯಲು ನಲವತ್ತು ವರ್ಷವೇ ಬೇಕು.

ಆಯ್ಕೆಗೆ ಮೊದಲು ನೆರಳನ್ನು ಅರಿಯಬೇಕು. ಇಂಗ್ಲೆಂಡಿನ ತೋಟಗಾರಿಕೆಯ ಪುಸ್ತಕಗಳು ಉತ್ತರದ ಗೋಡೆಯ ಮಗ್ಗುಲನ್ನು ನೆರಳಿನ ಜಾಗವೆಂದು ಹೇಳುತ್ತವೆ. ಅಲ್ಲಿಗೆ ಅದು ಸರಿ. ಬೆಂಗಳೂರು ಇರುವುದು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುಭಾಗದವರೆಗೆ ಇಲ್ಲಿ ನಡುಹಗಲಿನ ಸೂರ್ಯನು ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ತಣ್ಣಗಿದ್ದ ಉತ್ತರದ ಗೋಡೆಯ ಬುಡ ಮೇ ತಿಂಗಳಿನಲ್ಲಿ ಕಾಯುತ್ತದೆ. ಪುಸ್ತಕವನ್ನು ನಂಬಿ ಅಲ್ಲಿ ಜರಿಗಿಡ ನೆಟ್ಟವರು ಅದು ಸೀದುಹೋದಾಗ ತಮ್ಮ ಕೈಗುಣವನ್ನು ಹಳಿದುಕೊಳ್ಳುತ್ತಾರೆ. ಪುಸ್ತಕ ಓದುವಂತೆಯೇ ನಮ್ಮ ಅಂಗಳದ ನೆರಳನ್ನೂ ಒಂದು ವರ್ಷ ಓದುವುದು ಒಳ್ಳೆಯದು.

ಮರದ ನೆರಳಿನ ಬಗೆ ಬೇರೆ. ಮಾವಿನ ಕೆಳಗೆ ಬೆಳಕು ಮಾತ್ರವಲ್ಲ, ತೇವವೂ ಕಡಮೆ. ಮೇಲುಬೇರುಗಳು ನೀರನ್ನು ಹೀರಿಕೊಳ್ಳುತ್ತವೆ. ಆಳವಾಗಿ ಅಗೆದು ಬೇರು ಕಡಿಯುವುದೂ ಬುಡಕ್ಕೆ ಮಣ್ಣು ಏರಿಸುವುದೂ ಮರಕ್ಕೆ ಕೇಡು. ಅಲ್ಲಿ ಅರಿಶಿನ ಹಾಕಬಹುದು. ಮಳೆಗೆ ಚಿಗುರಿ, ಅಗಲವಾದ ಎಲೆ ಬಿಟ್ಟು, ಸಂಕ್ರಾಂತಿಯ ಹೊತ್ತಿಗೆ ಒಣಗಿ ಗೆಡ್ಡೆ ಕೊಡುತ್ತದೆ. ಬೇಸಗೆಯಲ್ಲಿ ನೀರೆರೆಯುವುದಾದರೆ ಮೆಣಸಿನ ಬಳ್ಳಿಯನ್ನು ಕಾಂಡಕ್ಕೆ ಹಬ್ಬಿಸಬಹುದು. ಬೆಳಗಿನ ಬಿಸಿಲು ತಾಕುವ ಅಂಚಿಗೆ ಕನಕಾಂಬರ, ಆಡುಸೋಗೆ. ತೇವ ಆರದ ಕಡೆ ಕೆಸು, ಒಂದೆಲಗ, ಜರಿಗಿಡ. ಉದುರಿದ ತರಗೆಲೆಯನ್ನು ಗುಡಿಸಿ ಸುಡದೆ ಅಲ್ಲಿಯೇ ಹರಡಿದರೆ ತೇವವೂ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ನೆರಳಿನ ಗಿಡವೆಂದು ಮಾರುವ ಡಿಫೆನ್‌ಬೇಕಿಯಾ ಚೆಲುವಾದುದೇ. ಆದರೆ ಅದರ ಎಲೆಯನ್ನು ಮಗು ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

“ಎಲ್ಲ ಸರಿ, ಬಣ್ಣವೆಲ್ಲಿ?” ಎಂದು ಮಿತ್ರರು ಕೇಳಿದರು. ಕನಕಾಂಬರದಲ್ಲಿ ಬಣ್ಣವುಂಟು. ಆದರೆ ನೆರಳಿನ ತೋಟದ ಮುಖ್ಯವಾದ ಸೊಬಗು ಎಲೆಯದು: ಕೆಸುವಿನ ಅಗಲ, ಜರಿಯ ಕುಸುರಿ, ಒಂದೇ ಹಸುರಿನ ಹಲವು ಛಾಯೆ. ಅದನ್ನು ಕಾಣಲು ಸ್ವಲ್ಪ ಹೊತ್ತು ಅಲ್ಲಿ ಕುಳಿತಿರಬೇಕು. ಏಪ್ರಿಲ್ ಮಧ್ಯಾಹ್ನ ಕುಳಿತಿರಬಹುದಾದ ತೋಟವೂ ಅದೊಂದೇ.

ಈ ವಿದ್ಯೆ ನಮ್ಮ ನಾಡಿಗೆ ಹೊಸತೇನೂ ಅಲ್ಲ. ಶಿರಸಿ, ಸಾಗರಗಳ ಕಡೆಯ ರೈತರು ಅಡಕೆಯ ಮರಕ್ಕೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿ, ಕೆಳಗೆ ಏಲಕ್ಕಿ, ಬಾಳೆ ಬೆಳೆಯುತ್ತ ಬಂದಿದ್ದಾರೆ. ಬಯಲುಸೀಮೆಯ ಒಣಹವೆಗೆ ಏಲಕ್ಕಿ ಒಗ್ಗದು. ಆದುದರಿಂದ ಅವರ ಗಿಡಗಳನ್ನೆಲ್ಲ ಇಲ್ಲಿಗೆ ತರಬೇಕಾಗಿಲ್ಲ. ಇರುವ ನೆರಳಿಗೆ ಒಪ್ಪುವುದನ್ನು ಹುಡುಕುವ ಅವರ ಬುದ್ಧಿಯನ್ನು ತಂದರೆ ಸಾಕು.

ಮಿತ್ರರು ಇನ್ನೂ ಪೂರ್ತಿ ಒಪ್ಪಿಲ್ಲ; ಮರಕ್ಕೆ ಒಂದು ಮಳೆಗಾಲದ ಅವಧಿ ಕೊಟ್ಟಿದ್ದಾರೆ. ನಾನು ಒಂದು ಬೊಗಸೆ ಅರಿಶಿನದ ಗೆಡ್ಡೆಗಳನ್ನು ಅವರಿಗೆ ಕೊಟ್ಟು ಬಂದಿದ್ದೇನೆ.